ಹದಿನೇಳನೇ ಸೆಂಟಿಮೀಟರಿನ ಕಚ್ಚು

ಮೇಲಿನ ಕಾಲಂನಲ್ಲಿ ಹೆಸರು ಬರೆಸಿರುವ ನಾನು, ವಯಸ್ಸು 21, ಗ್ರಾಫಿಕ್ ಡಿಸೈನ್ ಕೊನೆಯ ವರ್ಷದ ವಿದ್ಯಾರ್ಥಿನಿ, ವಾಸ: ಮರದ ಮಿಲ್ಲಿನ ಹಿಂದಿನ ಬೀದಿ, ಅಪ್ಪನ ಬಡಗಿ ಅಂಗಡಿಯ ಮಹಡಿ. ಉದ್ಯೋಗದ ಎದುರು ಠಾಣೆಯ ರೈಟರ್ ಸಾಹೇಬರು "ಇಲ್ಲ" ಎಂದು ಬರೆದಿದ್ದರು. ನಾನು ಕೇಳಿಕೊಂಡ ಮೇಲೆ ಅದನ್ನು ಹೊಡೆದು "ಡಿಸೈನರ್" ಎಂದು ತಿದ್ದಿದ್ದಾರೆ. ಬಸ್ ನಿಲ್ದಾಣದ ಬಳಿಯ ಡಿಸೈನ್ ಸ್ಟುಡಿಯೋ ಮಾಲೀಕರು ನನ್ನ ಮೇಲೆ ಕೊಟ್ಟಿರುವ ದೂರಿನ ಬಗ್ಗೆ ಈ ಮೂಲಕ ಬರೆಸುವುದೇನೆಂದರೆ,

ನಾನು ಯಾವ ಚಿತ್ರವನ್ನೂ ಮೊದಲು ಕಾಗದದ ಮೇಲೆ ಪೆನ್ಸಿಲ್ಲಿನಲ್ಲಿ ಬಿಡಿಸಿ, ಆಮೇಲೆ ಕಂಪ್ಯೂಟರಿಗೆ ಹಾಕುವವಳು. ಗೆರೆ ಎಳೆಯಲು ಅಪ್ಪನ ಮರದ ಸ್ಕೇಲು. ನಾನು ಆರು ವರ್ಷದವಳಿದ್ದಾಗ ಗರಗಸ ಹಿಡಿಯಲು ಹೋಗಿ ಆ ಸ್ಕೇಲಿನ ಅಂಚಿಗೆ 17ನೇ ಸೆಂ.ಮೀ.ನಲ್ಲಿ ಕಚ್ಚು ಬೀಳಿಸಿದ್ದೆ. ಅಪ್ಪ ಬೈಯಲಿಲ್ಲ. ಇನ್ನು ಇದು ನಿಂದೇ ಎಂದು ಕೊಟ್ಟುಬಿಟ್ಟರು. ಪೆನ್ಸಿಲು ಅಲ್ಲಿಗೆ ಬಂದಾಗ ಕೂದಲೆಳೆಯಷ್ಟು ಒಳಕ್ಕೆ ಜಾರಿ ಗೆರೆಯಲ್ಲಿ ಸಣ್ಣ ತಗ್ಗು ಬೀಳುತ್ತದೆ. ನಾನು ಅದನ್ನು ತಿದ್ದುವುದಿಲ್ಲ.

ಕಳೆದ ತಿಂಗಳ 3ರಂದು ಬೆಳಿಗ್ಗೆ 11 ಗಂಟೆಗೆ ಸದರಿ ಸ್ಟುಡಿಯೋಗೆ ಕೆಲಸ ಕೇಳಲು ಹೋಗಿ ನನ್ನ ಚಿತ್ರಗಳನ್ನು ತೋರಿಸಿದೆ. ಅವುಗಳಲ್ಲಿ ಒಂದು ಸೈಕಲ್ಲಿನದು: ಎರಡು ಚಕ್ರ, ನಡುವೆ 20 ಸೆಂ.ಮೀ. ಉದ್ದದ ಮೂರು ಕಂಬಿ. ಮಾಲೀಕರು ಅದೊಂದರ ಫೋಟೋವನ್ನು ಫೋನಿನಲ್ಲಿ ಹೊಡೆದುಕೊಂಡರು. ಕೈ ಇನ್ನೂ ಪಳಗಿಲ್ಲ, ಎರಡು ವರ್ಷ ಬಿಟ್ಟು ಬಾ ಎಂದು ಹೇಳಿ ಕಳಿಸಿದರು.

ಈ ತಿಂಗಳ 6ರಂದು ಕಾಲೇಜಿನ ಮೇಡಂ ಆ ಸೈಕಲ್ ಚಿತ್ರವನ್ನು ನನ್ನ ಕೊನೆಯ ವರ್ಷದ ಪ್ರದರ್ಶನದಿಂದ ತೆಗೆಯಲು ಹೇಳಿದರು. ಬಸ್ ನಿಲ್ದಾಣದ ಎದುರಿನ ಸೈಕಲ್ ಅಂಗಡಿಯ ಹೊಸ ಬೋರ್ಡಿನಲ್ಲಿ ಅದೇ ಚಿತ್ರವಿದೆ, ಕದ್ದ ಕೆಲಸ ಇಟ್ಟರೆ ಫೇಲ್ ಮಾಡಬೇಕಾಗುತ್ತದೆ ಎಂದರು. ಪ್ರದರ್ಶನ ಇದೇ 18ಕ್ಕೆ. ಕೆಲಸ ಕೊಡುವವರು ಕಾಲೇಜಿಗೆ ಬರುವುದು ವರ್ಷದಲ್ಲಿ ಆ ಒಂದು ದಿನ.

7ರಂದು ಬೆಳಿಗ್ಗೆ 10.20ಕ್ಕೆ ಸ್ಕೇಲು, ಟೇಪು, ಮೂಲ ಚಿತ್ರ ಹಿಡಿದು ಆ ಅಂಗಡಿಗೆ ಹೋದೆ. ಅಂಗಡಿಯ ಅಜ್ಜ ಹೆಮ್ಮೆಯಿಂದ ಬೋರ್ಡು ತೋರಿಸಿ, ಕಂಬಿಗಳಲ್ಲಿರುವ ತಗ್ಗು ಬದುಕಿನ ದಾರಿಯ ಹಳ್ಳಗಳ ಸಂಕೇತವೆಂದು ಬೋರ್ಡು ಮಾಡಿಕೊಟ್ಟ ಸ್ಟುಡಿಯೋ ಮಾಲೀಕರು ಅರ್ಧ ಗಂಟೆ ವಿವರಿಸಿದ್ದಾರೆ ಎಂದರು. ನನಗೆ ನಗು ತಡೆಯಲಾಗಲಿಲ್ಲ. ಅದನ್ನೂ ಬರೆಸುತ್ತಿದ್ದೇನೆ. ಬೋರ್ಡಿನ ಚಿತ್ರ ಮೂಲದ ಹತ್ತರಷ್ಟು ದೊಡ್ಡದು. ಏಣಿ ಹತ್ತಿ ಅಳೆದೆ. ಮೂರೂ ಕಂಬಿಗಳಲ್ಲಿ ತಗ್ಗು ಸರಿಯಾಗಿ 170ನೇ ಸೆಂ.ಮೀ.ನಲ್ಲಿತ್ತು.

ಸ್ಕೇಲನ್ನು ಅಜ್ಜನ ಕೈಗೆ ಕೊಟ್ಟೆ. ಅವರು ಕಚ್ಚಿನ ಮೇಲೆ ಹೆಬ್ಬೆರಳು ಆಡಿಸಿ, ತಲೆಯೆತ್ತಿ ಬೋರ್ಡು ನೋಡಿ, "ನಿನ್ನ ಹಳ್ಳದಲ್ಲಿ ನನ್ನನ್ನ ಕೆಡವಿದನಲ್ಲ, ಮಗಳೇ" ಎಂದರು. ಸೈಕಲ್ಲಿಗೆ ಬಳಿಯುವ ಕಪ್ಪು ಬಣ್ಣದ ಡಬ್ಬಿಯನ್ನು ಅವರೇ ತಂದುಕೊಟ್ಟು ಏಣಿ ಹಿಡಿದುಕೊಂಡರು. 11.05ಕ್ಕೆ ಬೋರ್ಡಿನ ಬಲ ಮೂಲೆಯಲ್ಲಿ, ನಾಲ್ಕು ಬೆರಳಗಲದಲ್ಲಿ, ನನ್ನ ಸಹಿ ಹಾಕಿದೆ. ಬೇರೆಲ್ಲೂ ಕುಂಚ ತಾಗಿಸಿಲ್ಲ.

ಅಂಗಡಿಯಿಂದ 60 ಮೀಟರ್ ದೂರದಲ್ಲೇ ಸ್ಟುಡಿಯೋ. 11.30ಕ್ಕೆ ಮಾಲೀಕರು ಬಂದು, ಬೋರ್ಡು ಹಾಳು ಮಾಡಿದೆ, ಈ ಊರಲ್ಲಿ ನಿನಗೆ ಯಾರೂ ಕೆಲಸ ಕೊಡದ ಹಾಗೆ ನೋಡಿಕೊಳ್ಳುತ್ತೇನೆ ಎಂದರು. ಬೋರ್ಡು ಅಜ್ಜನದು, ಅವರು ದೂರು ಕೊಟ್ಟಿಲ್ಲ. ಮೂರು ತಗ್ಗುಗಳೂ ಒಂದೇ ಅಳತೆಯಲ್ಲಿ ಯಾಕಿವೆ ಎಂದು ನಾನು ಕೇಳಿದೊಡನೆ ಮಾಲೀಕರು ಈ ದೂರು ಕೊಡಲು ಠಾಣೆಗೆ ಹೊರಟರು.

ಇಂದು ಠಾಣೆಯಲ್ಲಿ ರೈಟರ್ ಸಾಹೇಬರು ಕನಿಕರದಿಂದಲೇ, ತಪ್ಪಾಯಿತೆಂದು ಎರಡು ಸಾಲು ಬರೆದುಕೊಟ್ಟು ಸಹಿ ಅಳಿಸಿಬಿಡು, ಇಲ್ಲಿಗೇ ಮುಗಿಸೋಣ ಎಂದರು. "ತಪ್ಪಿರೋದು ಸ್ಕೇಲಲ್ಲಿ ಸರ್. ಅದನ್ನೂ ಸೇರಿಸಿ ಕದ್ದಿದ್ದಕ್ಕೆ ಅವರು ಸಿಕ್ಕಿಬಿದ್ದಿದ್ದಾರೆ. ನಾನು ಅಳಿಸಲ್ಲ" ಎಂದೆ. ಬೆಂಚಿನ ಮೇಲೆ ಕೂತಿದ್ದ ಅಪ್ಪ ಎದ್ದು ಬಂದು ಸ್ಕೇಲನ್ನು ಸಾಹೇಬರ ಮೇಜಿನ ಮೇಲಿಟ್ಟರು. ಅದನ್ನು ಪುರಾವೆಯಾಗಿ ಒಪ್ಪಿಸಿದ್ದೇನೆ. 18ರೊಳಗೆ ವಾಪಸ್ ಬೇಕು. ಪ್ರದರ್ಶನದಲ್ಲಿ ಸೈಕಲ್ ಚಿತ್ರದ ಪಕ್ಕ ನೇತುಹಾಕುತ್ತೇನೆ.

ಇಷ್ಟೂ ನಾನೇ ಹೇಳಿ ಬರೆಸಿದ್ದು. ಓದಿಸಿ ಕೇಳಿದೆ, ಸರಿಯಿದೆ. ಕೆಳಗಿನ ಸಹಿಯನ್ನು ಬೋರ್ಡಿನ ಸಹಿಯ ಜೊತೆ ಹೋಲಿಸಿ ನೋಡಬಹುದು. ಎರಡೂ ನನ್ನವೇ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: ಈ ತಿಂಗಳ 8, ಮಧ್ಯಾಹ್ನ 12.40
ಸಹಿ: ಹೇಳಿಕೆ ಕೊಟ್ಟವಳು, ಡಿಸೈನರ್