ಬಾಳೆಗೊನೆಯ ನೋಟು

ಹಣ ಕಂಡರೆ ಹೆಣವೂ ಬಾಯಿ ಬಿಡುತ್ತದಂತೆ. ಹಳೇ ನೋಟು ಕಂಡರೆ ಬ್ಯಾಂಕೇ ಬಾಯಿ ಮುಚ್ಚುತ್ತದೆ. ಸುಳ್ಳಲ್ಲ, ಐವತ್ತೆಂಟನೇ ಇಸವಿಯಲ್ಲಿ ಹಾಸನದ ಬಸ್ ನಿಲ್ದಾಣದಲ್ಲಿ ನಾನೇ ಕೇಳಿದ ಮಾತು. ಅರಕಲಗೂಡಿನ ಬಸ್ಸಿಗೆ ಕಾಯುತ್ತಿದ್ದ ಮಲ್ಲಿಗಮ್ಮನ ಮಡಿಲಲ್ಲಿ ನೋಟಿನ ಕಟ್ಟೊಂದಿತ್ತು. ಪಕ್ಕದಲ್ಲಿ ಮೈದುನ ಚಲುವಯ್ಯ.

“ಬ್ಯಾಂಕ್ನೋರು ಏನಂದ್ರು ಅತ್ಗೆ?”

“ಯುದ್ದದಾಗೆ ಜಪಾನ್ನೋರು ಮಲಯದಲ್ಲಿ ಅಚ್ಚಾಕಿದ್ ಡಾಲರ್ ನೋಟಂತೆ. ಅವ್ರು ಸೋತ್ ದಿನ್ವೇ ಇದೂ ಸತ್ತೋಯ್ತಂತೆ.”

“ನಮ್ಮಣ್ಣ ಮಿಲ್ಟ್ರಿಯಿಂದ ತಂದಿದ್ದೆಲ್ಲ ದಂಡವಾ?”

“ಬಾಳೆಗೊನೆ ಚಿತ್ರ ಐತೆ, ಸುಭ ಅಂತ ದೀಪಾವಳಿ ದೀಪಾವಳಿಗೂ ಪೂಜೆ ಮಾಡ್ದೆ. ಸೂರಿನ್ ತೆಂಗಿನ್ ಗರಿ ತೆಗ್ದು ಮನೆಗೆ ಎಂಚಾಕ್ಸಾಣ ಅಂತಿದ್ದೆ.”

ಚಲುವಯ್ಯ ಕಟ್ಟಿನಿಂದ ಒಂದು ನೋಟು ಎಳೆದು ತಿರುಗಿಸಿ ನೋಡಿದ.

“ನಿಮ್ಮಣ್ಣ ತೀರ್ಕಂಡಾಗ, ‘ನೋಟಿನ್ ಜತೆ ತಂದಿದ್ ಡಾಲರ್ ಬಿಲ್ಲೆ ನೀನಿಟ್ಕೊ, ನೆಪ್ಪಿಗೆ ಈ ಕಾಗ್ದ ನಂಗಿರ್ಲಿ’ ಅಂತ ನಾನೇ ಅಂದಿದ್ನಲ್ಲ? ನೋಟಿಗೇ ಬೆಲೆ ಜಾಸ್ತಿ ಅಂತ ನಿಂಗೆ ಟೋಪಿ ಆಕ್ದೆ ಕಣಪ್ಪ.”

“ನೀ ಟೋಪಿ ಆಕ್ತಿದ್ದೀಯ ಅಂತ ಆಗ್ಲೇ ಗೊತ್ತಿತ್ತು ಕಣತ್ಗೆ. ಆದ್ರೆ ಆ ಬಿಲ್ಲೆ ಅಪ್ಪಟ ಬೆಳ್ಳಿ. ನಿನ್ ಮಗಳ ಮದ್ವೇಲಿ ನಾನ್ ಕೊಟ್ಟ ಕಾಲಂದ್ಗೆ ಅದನ್ ಕರಗ್ಸಿ ಮಾಡ್ಸಿದ್ದೇಯ.”

“ಅಯ್ಯೋ ನಿನ್ನ! ಅಂಗಾರೆ ಟೋಪಿ ಬಿದ್ದಿದ್ ಯಾರ್ ತಲೆಗೆ?”

ಚಲುವಯ್ಯ ನಕ್ಕ. ಅವನಿಗಿಂತ ಜೋರಾಗಿ ನಗುತ್ತ, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ, ಮಲ್ಲಿಗಮ್ಮ ಬಸ್ಸು ಹತ್ತಿದಳು.