ಬಂಡ್ರಿಯ ನಿಶಾನಿಯ ಬಣ್ಣ

ಇಂದಿನ ಸಭೆಯ ಅಧ್ಯಕ್ಷರಾದ ದೊಡ್ಡಬಸಪ್ಪನವರೇ, ಬಳ್ಳಾರಿಯಿಂದ ಬೆಳಗಿನ ರೈಲಿಗೆ ದಯಮಾಡಿಸಿರುವ ಮುಖ್ಯ ಅತಿಥಿಗಳಾದ ವಕೀಲ ಜಡೆಪ್ಪನವರೇ, ಹೊಸಪೇಟೆಯ ಹಿರಿಯರೇ, ಎಡಗಡೆಯ ಜಮಖಾನೆಯ ಮೇಲೆ ಕುಳಿತಿರುವ ತಾಯಂದಿರೇ, ಒಳಗೆ ಜಾಗವಿಲ್ಲದೆ ಕಿಟಕಿಗೆ ಮುಖ ಕೊಟ್ಟು ನಿಂತಿರುವ ಸಭಿಕರೇ,

ನಾನು ಮರಿಸ್ವಾಮಿ. ಇದೇ ಊರಿನಲ್ಲಿ ಅಚ್ಚುಕೂಟ ಇಟ್ಟುಕೊಂಡಿರುವವನು. ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ 'ಸ್ವಾಗತ' ಎಂದಷ್ಟೇ ಇದೆ. ಪತ್ರಿಕೆ ಅಚ್ಚು ಮಾಡಿದವನು ನಾನೇ ಆದ್ದರಿಂದ ಬೇಕಿದ್ದರೆ 'ಭಾಷಣ' ಎಂದು ಹಾಕಿಕೊಳ್ಳಬಹುದಿತ್ತು. ಹಾಕಿಕೊಳ್ಳಲಿಲ್ಲ. ಮಾತಾಡಬೇಕಾದವರು ಬೇರೆ ಇದ್ದರು. ಅವರು ಇನ್ನೂ ಬಂದಿಲ್ಲ. ಅವರು ಬರುವವರೆಗೆ ತಮ್ಮನ್ನೆಲ್ಲ ಹಿಡಿದು ಕೂರಿಸುವ ಭಾರ ನನ್ನ ಮೇಲೆ ಬಿದ್ದಿದೆ. ಬಾಗಿಲ ಬಳಿ ಕುಳಿತವರಿಗೆ ಎದ್ದು ಹೋಗುವುದು ಸುಲಭ ಎಂದು ಅನಿಸಬಹುದು. ಉಪ್ಪಿಟ್ಟು ಇನ್ನೂ ಒಲೆಯ ಮೇಲಿದೆ ಎಂದು ಮಾತ್ರ ಅವರಿಗೆ ತಿಳಿಸಬಯಸುತ್ತೇನೆ.

ಮಹನೀಯರೇ, ಇಂದು ಕಂಪ್ಲಿಯ ಜವಳಿ ವರ್ತಕರಾದ ಗಾದಿಲಿಂಗಪ್ಪನವರ ಮೂರನೆಯ ಪುಸ್ತಕ ಬಿಡುಗಡೆಯಾಗಬೇಕು. ನೂರೈವತ್ತು ವರ್ಷಗಳ ಹಿಂದೆ ನಮ್ಮ ಸೀಮೆಯಲ್ಲಿ ಓಡಾಡಿದ ದಂಡುಗಳ ಉಡುಪು ಹೇಗಿತ್ತು ಎಂದು ಅವರು ಬರೆದ ಮೊದಲ ಪುಸ್ತಕ ಅಂಗಿಗಳದ್ದು. ಎರಡನೆಯದು ರುಮಾಲು, ನಡುಕಟ್ಟುಗಳದ್ದು. ಈ ಮೂರನೆಯದು ನಿಶಾನಿಗಳದ್ದು, ಅಂದರೆ ಬಾವುಟಗಳದ್ದು. ಪುಸ್ತಕಗಳು ಮೇಜಿನ ಮೇಲೆ ಆ ಕೆಂಪು ವಸ್ತ್ರದ ಕೆಳಗಿವೆ. ಆದರೆ ವಸ್ತ್ರ ತೆಗೆಯುವಂತಿಲ್ಲ. ಏಕೆಂದರೆ ಗಾದಿಲಿಂಗಪ್ಪನವರು ಬೆಳಿಗ್ಗೆ ಮೋಟಾರು ಹತ್ತಿ ಸಂಡೂರು ಸೀಮೆಯ ಬಂಡ್ರಿಗೆ ಹೋಗಿದ್ದಾರೆ, ಒಂದು ಬಟ್ಟೆಯ ಬಣ್ಣ ನೋಡಲು. ಅದು ಹಸಿರಾಗಿದ್ದರೆ ಅಧ್ಯಕ್ಷರು ಅಮೃತಹಸ್ತದಿಂದ ವಸ್ತ್ರ ತೆಗೆಯುತ್ತಾರೆ. ನೀಲಿಯಾಗಿದ್ದರೆ ಬಹುಶಃ ಇವತ್ತು ಪುಸ್ತಕವಿಲ್ಲ, ಉಪ್ಪಿಟ್ಟು ಮಾತ್ರ.

ನಗಬೇಡಿ. ಹಸಿರಾದರೇನು, ನೀಲಿಯಾದರೇನು ಎಂದು ತಾವು ಕೇಳಬಹುದು. ನಾನೂ ಕೇಳಿದ್ದೇನೆ. ಜೋರಾಗಿಯೇ ಕೇಳಿದ್ದೇನೆ. ಅದಕ್ಕೆ ಮೊದಲು ಈ ಮನುಷ್ಯ ಯಾರು ಎಂದು ತಮಗೆ ಗೊತ್ತಾಗಬೇಕು.

ಎಷ್ಟೋ ವರ್ಷದ ಹಿಂದೆ ಕಂಪ್ಲಿಗೆ ಒಂದು ನಾಟಕ ಕಂಪನಿ ಬಂದಿತ್ತು. ಐತಿಹಾಸಿಕ ನಾಟಕ. ರಂಗದ ಮೇಲೆ ಪಾಳೆಯಗಾರನ ಸೈನ್ಯ ನಿಂತಿದೆ, ಎಲ್ಲರೂ ಖಾಕಿ ಚಡ್ಡಿಯಲ್ಲಿ! ಗಾದಿಲಿಂಗಪ್ಪನವರು ಕುರ್ಚಿಯಿಂದ ಎದ್ದು, "ಲೇ, ಆ ಕಾಲ್ದಾಗ ಖಾಕಿ ಎಲ್ಲಿತ್ತಲೇ?" ಎಂದು ಕೂಗಿದರು. ನಾಟಕ ನಿಂತಿತು. ಸೇನಾಪತಿಯ ಪಾತ್ರದವನು ಕತ್ತಿ ಒರೆಗೆ ಹಾಕಿ, "ಹಂಗಾದ್ರ ಏನಿತ್ತು, ನೀವ ಹೇಳ್ರಿ ಸಾವ್ಕಾರ್ರೇ. ಹಂಗ ಹೊಲಿಸ್ತೀವಿ" ಎಂದ. ಹುಟ್ಟಿದಾಗಿನಿಂದ ಬಟ್ಟೆಯ ನಡುವೆ ಬೆಳೆದ ಇವರು ಆ ಪ್ರಶ್ನೆಗೆ ತಬ್ಬಿಬ್ಬಾಗಿ ಕುಳಿತುಬಿಟ್ಟರು. ಅಲ್ಲಿಂದ ಶುರುವಾಯಿತು ನೋಡಿ.

ಚೋರನೂರಿನ ಒಂದು ಜೋಳದ ಹೊಲದಲ್ಲಿ ಬೆದರುಬೊಂಬೆಗೆ ಹಳೆಯ ಕೆಂಪು ಕೋಟು ತೊಡಿಸಿದ್ದರು. ಗಾದಿಲಿಂಗಪ್ಪನವರು ದೂರದಿಂದಲೇ ಅದರ ನೇಯ್ಗೆ ಗುರುತಿಸಿ, ಗಾಡಿಯಿಂದ ಧುಮುಕಿ, ಹೊಲದ ಸುಂಕಪ್ಪನಿಗೆ ಅದರ ಬದಲು ತಮ್ಮ ಅಂಗಡಿಯ ಹೊಚ್ಚಹೊಸ ಅಂಗಿ ಕೊಡುವುದಾಗಿ ಹೇಳಿದರು. ಸುಂಕಪ್ಪ ಅಂಗಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಹೊಸಾ ಅಂಗಿಗೆ ಹಕ್ಕಿ ಅಂಜ್ತಾವೇನ್ರಿ? ಬ್ಯಾಡ" ಎಂದುಬಿಟ್ಟ. ಕೊನೆಗೆ ಬೊಂಬೆಗೆ ಗಾದಿಲಿಂಗಪ್ಪನವರು ತೊಟ್ಟಿದ್ದ ಅಂಗಿ, ಸುಂಕಪ್ಪನಿಗೆ ಹೊಸ ಅಂಗಿ ಎಂದು ತೀರ್ಮಾನವಾಯಿತು. ವಿದ್ವಾಂಸರು ಬರಿಮೈಯಲ್ಲಿ ಕೋಟನ್ನು ಎದೆಗವಚಿಕೊಂಡು ನನ್ನ ಅಚ್ಚುಕೂಟಕ್ಕೆ ಬಂದರು. ಮೊದಲ ಪುಸ್ತಕದ ಮೊದಲ ಚಿತ್ರ ಅದೇ.

ಹಳ್ಳಿ ಹಳ್ಳಿ ತಿರುಗಿ ಸಿಪಾಯಿಗಳ ಉಡುಪು, ಬಾವುಟ ಎಂದು ವಿಚಾರಿಸುವ ಮನುಷ್ಯನನ್ನು ಈ ಕಾಲದಲ್ಲಿ ಸರ್ಕಾರದವರು ಸುಮ್ಮನೆ ಬಿಡುತ್ತಾರೆಯೇ? ಒಬ್ಬ ಪೊಲೀಸಿನವರು ಅಂಗಡಿಗೆ ಬಂದರು. "ಬಾವುಟ ಬಾವುಟ ಅಂತೀರಲ್ರಿ, ನೀವು ಯಾವ ಪಕ್ಷದೋರು?" ಎಂದರು. "ನಾನು ಜವಳಿ ಪಕ್ಷದಾವ್ರಿ. ಕುಂದ್ರಿ, ಧೋತರ ತೋರಸ್ತೀನಿ" ಎಂದರು ಇವರು. ಬಂದವರು ಎರಡು ಧೋತರ ಕೊಂಡು ಹೋದರು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ನೋಡಲಿ. ಸಂಡೂರು ಘಾಟಿಯಲ್ಲಿ ಆ ಮೋಟಾರಿಗೆ ನೀರು ಕುಡಿಸುತ್ತಾ ಬರಬೇಕು, ಹೊತ್ತಾಗುತ್ತದೆ.

ಈಗ ಬಂಡ್ರಿಯ ವಿಷಯಕ್ಕೆ ಬರುತ್ತೇನೆ. ಅಲ್ಲಿ ತಾಯಕ್ಕ ಎಂಬ ವೃದ್ಧೆಯ ಮನೆಗೆ ಊರಲ್ಲಿ ನಿಶಾನಿಯವರ ಮನೆ ಎಂದೇ ಹೆಸರು. ಆ ವಂಶದ ಹಿರಿಯನೊಬ್ಬ ಯಾವುದೋ ಸಣ್ಣ ಪಾಳೆಯಪಟ್ಟಿನ ದಂಡಿನಲ್ಲಿ ಬಾವುಟ ಹಿಡಿಯುತ್ತಿದ್ದನಂತೆ. ಆ ಬಾವುಟ ಇಂದಿಗೂ ಅವರ ದೇವರ ಜಗಲಿಯ ಮೇಲೆ ಬಿದಿರಿನ ಪುಟ್ಟಿಯಲ್ಲಿ ಮಡಚಿಟ್ಟಂತೆಯೇ ಇದೆ. ಅದೇ ಅವರ ಮನೆದೇವರು. ಎರಡು ವರ್ಷದ ಹಿಂದೆ ನಾವಿಬ್ಬರೂ ಹೋದಾಗ ಆಕೆ ಪುಟ್ಟಿಯ ಮುಚ್ಚಳ ತೆಗೆದು ತೋರಿಸಿದಳು. ಮೇಲಿನ ಮಡಿಕೆ ಕಂಡಿತು. ಹಸಿರು. ಬಿಚ್ಚಿ ತೋರಿಸವ್ವಾ ಎಂದರೆ ಒಪ್ಪಲಿಲ್ಲ. "ಬಿಚ್ಚಿದ್ರ ಹೊಂಡಬೇಕ್ರಿ. ಸುಮ್ನ ಬಿಚ್ಚಿ ಸುಮ್ನ ಮಡಚೋದು ನಮ್ಮನ್ಯಾಗ ಇಲ್ಲ" ಎಂದಳು. ಅದನ್ನು ಬಿಚ್ಚಿದರೆ ಮನೆಯ ಮಗ ಕೈಯಲ್ಲಿ ಹಿಡಿಯಬೇಕು, ಬಿಚ್ಚಿಸಿದವರು ಅದರ ಹಿಂದೆ ಊರ ಗಡಿಯವರೆಗೆ ನಡೆದು ಬರಬೇಕು. ಮಗ ಎರ್ರಿಯಪ್ಪ ಆಗ ಮ್ಯಾಂಗನೀಸ್ ಗಣಿಯ ಕೆಲಸಕ್ಕೆ ಹೋಗಿದ್ದ. ಸರಿ, ಕಂಡದ್ದನ್ನು ಕಂಡಂತೆ ಬರೆದುಕೊಂಡೆವು. ಹಸಿರು ಎಂದು ಬರೆದುಕೊಂಡೆವು.

ಚಿತ್ರಗಳನ್ನು ಬಣ್ಣದಲ್ಲೇ ಮದರಾಸಿನಲ್ಲಿ ಅಚ್ಚು ಮಾಡಿಸೋಣ ಎಂದು ವಿಚಾರಿಸಿದಾಗ, ಅವರು ಹೇಳಿದ ದರ ಕೇಳಿ ಗಾದಿಲಿಂಗಪ್ಪನವರು ಕುಡಿಯಲು ನೀರು ಕೇಳಿದರು. ಹೀಗಾಗಿ ಮೂರು ಪುಸ್ತಕಗಳಿಗೂ ನಾನು ಕಲ್ಲಚ್ಚಿನಲ್ಲಿ ಬರೀ ಕಪ್ಪು ಗೆರೆ ಹೊಡೆದುಕೊಟ್ಟೆ. ಒಳಗಿನ ಬಣ್ಣ ತುಂಬಿದವಳು ನನ್ನ ಮನೆಯಾಕೆ, ಪಂಪಮ್ಮ.

ಆಕೆಯ ಮಾತು ಇವತ್ತು ಎತ್ತಬಾರದು ಎಂದುಕೊಂಡಿದ್ದೆ. ಬಂತು, ಬರಲಿ.

ನಡುಮನೆಯ ತುಂಬ ಹಾಳೆಗಳು. ಒಣಗಲೆಂದು ಅಕ್ಕಿಯ ಮೂಟೆಯ ಮೇಲೆ, ತೊಟ್ಟಿಲ ಮೇಲೆ, ನನ್ನ ಹಾಸಿಗೆಯ ಮೇಲೆ. ಮಲಗಬೇಕಾದರೆ ನಾನು ಒಂದು ಕುದುರೆ ದಂಡನ್ನೇ ಎತ್ತಿಡಬೇಕಾಗಿತ್ತು. ರೊಟ್ಟಿಯ ಅಂಚಿಗೆ ಕೆಂಪು ಬಣ್ಣ ಹತ್ತಿದ್ದನ್ನು ನಾನು ತಿಂದಿದ್ದೇನೆ. ನಾವಿಬ್ಬರೂ ಅಂಗಿಯ ಗುಂಡಿ ಬಲಕ್ಕೋ ಎಡಕ್ಕೋ ಎಂದು ಹೊಡೆದಾಡುವಾಗ ಆಕೆ ಕುಂಚ ಅದ್ದುತ್ತಾ, "ಗಾದಿಲಿಂಗಣ್ಣ, ಸತ್ತೋರ ಗುಂಡಿ ಆಮ್ಯಾಲೆ ಎಣಸ್ರಿ, ಇದ್ದೋರಿಗೆ ಊಟಕ್ಕ ಹೊತ್ತಾತು" ಎನ್ನುವಳು.

ಬಂಡ್ರಿಯ ನಿಶಾನಿಗೆ ಬಣ್ಣ ಹಾಕುವಾಗ ಒಂದು ಮಾತು ಕೇಳಿದಳು. "ಇದನ್ನ ಹಿಡಕಂಡು ಹ್ವಾದಾವ ತಿರುಗಿ ಮನಿಗೆ ಬಂದ್ನೇನ್ರಿ?"

ನಾವು ಕೋಲಿನ ಉದ್ದ ಕೇಳಿದ್ದೆವು, ಅಂಚಿನ ಹೊಲಿಗೆ ಕೇಳಿದ್ದೆವು. ಅದೊಂದನ್ನು ಕೇಳಿರಲಿಲ್ಲ. ಮುಂದಿನ ಸಲ ಸಂಡೂರಿಗೆ ವಸೂಲಿಗೆ ಹೋದ ಗಾದಿಲಿಂಗಪ್ಪನವರು ಬಂಡ್ರಿಗೂ ಹೋಗಿ ಕೇಳಿಕೊಂಡು ಬಂದರು. ತಾಯಕ್ಕ ಹೇಳಿದ್ದಿಷ್ಟು: "ನಿಶಾನಿ ಬಂತ್ರಿ, ಅಂವ ಬರ್ಲಿಲ್ಲ. ಅವನ ಹೇಣ್ತಿ ಮುಖದ ಅರಿಷಿಣ ತೊಳಕಳ್ಳೋ ದಿನ ಬಟ್ಟಲದಾಗ ಉಳಿದದ್ನೆಲ್ಲ ಇದಕ್ಕ ಹಚ್ಚಿದ್ಲಂತ. ನನಗಂತೂ ಇನ್ನ ಇಲ್ಲ, ಇದಕ್ಕರ ಇರ್ಲಿ ಅಂದ್ಲಂತ. ಅವತ್ತಿಂದ ಮಾರ್ನಮಿಗೊಮ್ಮೆ ಮನೀ ಸೊಸೆಂದ್ರು ಹಚ್ಚಿಕೋತ ಬಂದೀವಿ."

ಪಂಪಮ್ಮ ಅದನ್ನು ಕೇಳಿ ಮತ್ತೆ ಕುಂಚ ಅದ್ದಿದಳು. ಆ ನಿಶಾನಿಯ ಮುನ್ನೂರು ಹಾಳೆಗಳನ್ನೂ ಮುಗಿಸಿದಳು. ಶ್ರಾವಣದಲ್ಲಿ ಜ್ವರ ಬಂತು. ಅಷ್ಟೇ, ಮಹನೀಯರೇ. ಅದರ ಬಗ್ಗೆ ಹೆಚ್ಚಿಗೆ ಹೇಳಲು ನನಗೆ ಬರುವುದಿಲ್ಲ.

ಈಗ ನೋಡಿ ನಮ್ಮ ಪಾಂಡಿತ್ಯ! ತಾಯಕ್ಕ ಅಷ್ಟು ಬಿಡಿಸಿ ಹೇಳಿದ್ದಾಳೆ, ನೂರೈವತ್ತು ವರ್ಷ ಅರಿಷಿಣ ಹಚ್ಚಿದ್ದೇವೆ ಎಂದು. ಅವರು ಅಲ್ಲಿ ತಲೆದೂಗಿ ಎದ್ದು ಬಂದಿದ್ದಾರೆ, ನಾನು ಇಲ್ಲಿ ಕೇಳಿ ತಲೆದೂಗಿದ್ದೇನೆ. ಅರಿಷಿಣ ಹಚ್ಚದ ವಸ್ತು ನಮ್ಮ ಸೀಮೆಯಲ್ಲಿ ಯಾವುದಿದೆ? ಹೊಸ್ತಿಲಿಗೆ ಹಚ್ಚುತ್ತೇವೆ, ತಕ್ಕಡಿಗೆ ಹಚ್ಚುತ್ತೇವೆ, ನನ್ನ ಅಚ್ಚಿನ ಯಂತ್ರಕ್ಕೂ ಹಚ್ಚುತ್ತೇವೆ. ಅದನ್ನು ಒಂದು ಬಣ್ಣ ಎಂದು ಯಾರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ?

ಈ ಸಲ ಮಾರ್ನಮಿಗೆ ಗಾದಿಲಿಂಗಪ್ಪನವರ ಅಂಗಡಿಯಲ್ಲಿ ಆಯುಧಪೂಜೆಯಾಯಿತು. ಗಜಕಡ್ಡಿಗೆ, ಕತ್ತರಿಗೆ, ಮುಂದಿನ ಸಾಲಿನ ಬಟ್ಟೆಯ ತಾನುಗಳಿಗೆಲ್ಲ ಅರಿಷಿಣ ಹಚ್ಚಿದರು. ಎರಡು ದಿನ ಬಿಟ್ಟು ಗಿರಾಕಿಯೊಬ್ಬಳಿಗೆ ನೀಲಿ ತಾನು ಬಿಚ್ಚಿ ತೋರಿಸಲು ಹೋದರೆ, ಅಂಚು ಹಸಿರು! ಗಿರಾಕಿಯನ್ನು ಅಲ್ಲೇ ಬಿಟ್ಟು, ತಾನನ್ನು ಹೆಗಲ ಮೇಲೆ ಹೊತ್ತು, ಸಿಕ್ಕ ಗಾಡಿ ಹತ್ತಿ ನನ್ನಲ್ಲಿಗೆ ಬಂದರು. ಮೇಜಿನ ಮೇಲೆ ಹರವಿ, ಆ ಅಂಚಿನ ಮೇಲೆ ಬೆರಳಿಟ್ಟು ತೋರಿಸಿದರು. ನಾನು ನೋಡಿದೆ. ನನಗೂ ಅರ್ಥವಾಯಿತು, ಬಂಡ್ರಿಯ ನಿಶಾನಿಯೂ ನೀಲಿಯೇ ಇದ್ದು, ಮೇಲಿನ ಮಡಿಕೆ ಮಾತ್ರ ಅರಿಷಿಣದಿಂದ ಹಸಿರಾಗಿರಬಹುದು ಎಂದು.

ಅರ್ಥವಾಗದವನಂತೆ ನಟಿಸಿದೆ. "ಅದ್ರಾಗೇನೈತಿ? ಹಸಿರಂತ ಹೋಗ್ಲಿ ಬಿಡು. ಬಂಡ್ರಿಯವ್ರು ಬಂದು ಪುಸ್ತಕ ಓದ್ತಾರೇನು?" ಎಂದೆ. ಅವರು, "ಸುಳ್ಳಾಗ್ತದಲ್ಲೋ ಮರಿಸ್ವಾಮಿ" ಎಂದರು. ನಾನು ಕೂಗಾಡಿದೆ. ಬಟ್ಟೆಗೂ ನಿನಗೂ ಹುಚ್ಚು ಹಿಡಿದಿದೆ ಎಂದೆ. ಪುಸ್ತಕ ಹೊಲಿಯಲು ಸಿದ್ಧವಾಗಿದೆ, ಪತ್ರಿಕೆ ಹಂಚಿಯಾಗಿದೆ, ಬಳ್ಳಾರಿಯ ವಕೀಲರು ರೈಲಿನ ವೇಳೆ ಕೇಳಿ ಕಳಿಸಿದ್ದಾರೆ ಎಂದೆ. ಅವೆಲ್ಲ ಸುಳ್ಳು ಕಾರಣಗಳು. ನಿಜವಾದದ್ದನ್ನು ನಾನು ಹೇಳಲಿಲ್ಲ, ಅವರೇ ಹೇಳಿದರು. "ಪಂಪಕ್ಕ ಬರ್ದದ್ದು ಅದು. ನನ್ನ ಕೈಲೆ ತಗದು ಹಾಕಾಕ ಆಗೋದಿಲ್ಲ. ನಿಶಾನಿ ಬಿಚ್ಚಿಸಿ ಒಳಗಿನ ಮಡಿಕೆ ನೋಡ್ಕಂಡು ಬರ್ತೀನಿ. ನೀಲಿ ಇದ್ರ, ತಗೀಬೇಕೋ ಬಿಡಬೇಕೋ ನೀನ ಹೇಳು. ನೀ ಅಂದಂಗ ಆಗ್ಲಿ" ಎಂದರು.

ಹಾಗಾಗಿ ಆ ವಸ್ತ್ರದ ಕೆಳಗೆ ಪುಸ್ತಕಗಳನ್ನು ಒಂದು ಕಡೆ, ಈ ಚಿತ್ರದ ಹಾಳೆಗಳನ್ನು ಒಂದು ಕಡೆ, ಹೊಲಿಯದೆ ಇಟ್ಟಿದ್ದೇನೆ. ಗಣಿಯ ಎರ್ರಿಯಪ್ಪ ಇವತ್ತು ರಜೆ ಹಾಕಿ ಮನೆಯಲ್ಲಿದ್ದಾನಂತೆ. ಗಾದಿಲಿಂಗಪ್ಪನವರ ದೇಹವನ್ನು ತಾವು ನೋಡಿದ್ದೀರಿ. ಆ ದೇಹ ಈ ಬಿಸಿಲಿನಲ್ಲಿ ಬಾವುಟದ ಹಿಂದೆ ಊರ ಗಡಿಯವರೆಗೆ ನಡೆಯಬೇಕು. ಬೆಳಿಗ್ಗೆಯಿಂದ ನಾನು ಒಂದೇ ಹರಕೆ ಹೊತ್ತಿದ್ದೇನೆ, ಒಳಗೂ ಹಸಿರೇ ಇರಲಿ ಎಂದು. ಒಬ್ಬ ಪ್ರಕಾಶಕ ಸಭೆಯ ಮುಂದೆ ಹೇಳಬಾರದ ಮಾತಿದು. ಹೇಳಿಬಿಟ್ಟೆ.

ಅದೋ, ಯಾರೋ ಬಂದರು. ದಾರಿ ಬಿಡಿ, ದಾರಿ ಬಿಡಿ. ಅವರೇ! ಮೊಳಕಾಲಿನವರೆಗೂ ಕೆಂಧೂಳು, ರುಮಾಲು ಕೊರಳಿಗೆ ಜಾರಿದೆ. ಬರ್ರಿ ಗಾದಿಲಿಂಗಪ್ಪನವರೇ. ಅಲ್ಲೇ ನಿಂತು ತಿಳಿಸಿ, ಸಭೆ ಕಾಯುತ್ತಿದೆ. ಹಸಿರೋ?

ತಲೆ ಅಲ್ಲಾಡಿಸಿದರು. ಅಲ್ಲವಂತೆ.

ನೀಲಿ.

ನನ್ನ ಮುಖ ನೋಡುತ್ತಿದ್ದಾರೆ. ನಾನು ಈಗಲೂ 'ಹೋಗಲಿ ಬಿಡು' ಎಂದರೆ ಈ ಮನುಷ್ಯ ಒಪ್ಪಿಕೊಳ್ಳುತ್ತಾರೆ. ಖಾಕಿ ಚಡ್ಡಿ ನೋಡಿ ನಾಟಕ ನಿಲ್ಲಿಸಿದವರು ನನಗಾಗಿ ಸುಳ್ಳು ಬಣ್ಣದ ಪುಸ್ತಕಕ್ಕೆ ಹೆಸರು ಹಾಕಿಸಿಕೊಳ್ಳುತ್ತಾರೆ. ಅಷ್ಟು ಮಾಡಿಸಿಕೊಂಡರೆ ನಾನೆಂಥ ಗೆಳೆಯ? ಪಂಪಮ್ಮ ಇದ್ದಿದ್ದರೆ ನನ್ನನ್ನು ಹೊಸ್ತಿಲು ದಾಟಿ ಒಳಗೆ ಬಿಡುತ್ತಿರಲಿಲ್ಲ.

ಅಧ್ಯಕ್ಷರೇ, ಕ್ಷಮಿಸಬೇಕು. ಇವತ್ತು ಪುಸ್ತಕ ಬಿಡುಗಡೆಯಾಗುವುದಿಲ್ಲ. ಕಲ್ಲಿನ ಮೇಲೆ ಗೆರೆ ಹಾಗೇ ಇದೆ, ಹಾಳೆಗಳನ್ನು ಮತ್ತೆ ಹೊಡೆಯುತ್ತೇನೆ. ಬಣ್ಣವನ್ನು ನಾನೇ ಹಾಕುತ್ತೇನೆ. ಆಗುತ್ತದೆಯೇ ಎಂದು ನೋಡಬೇಡಿ ಗಾದಿಲಿಂಗಪ್ಪನವರೇ. ಬಳ್ಳಾರಿಯಲ್ಲಿ ಒಳ್ಳೆಯ ಹಸಿರು ಬಣ್ಣ ಸಿಗುತ್ತಿರಲಿಲ್ಲ, ಆಕೆ ಒಂದು ದಿನ ನೀಲಿ ಹಚ್ಚಿ ಒಣಗಿಸಿ, ಮರುದಿನ ಅದರ ಮೇಲೆ ಹಳದಿ ಹಚ್ಚುತ್ತಿದ್ದಳು. ಮೊದಲ ದಿನದ ಕೆಲಸವನ್ನು ಪಕ್ಕದಲ್ಲಿ ಕುಳಿತು ಎಷ್ಟು ಸಲ ನೋಡಿದ್ದೇನೆ! ಅಷ್ಟನ್ನು ಮಾಡಿ ಕೈ ತೆಗೆಯುವುದು ನನ್ನಿಂದಲೂ ಆಗುತ್ತದೆ.

ಇನ್ನು ಈ ಮುನ್ನೂರು ಹಸಿರು ಹಾಳೆಗಳು. ಇವು ಪುಸ್ತಕಕ್ಕೆ ಬೇಡ. ರದ್ದಿಗೆ ಹಾಕಲು ನನ್ನಿಂದ ಆಗದು, ಮನೆಯಲ್ಲಿ ಕಟ್ಟಿಟ್ಟುಕೊಂಡು ಕೂರಲೂ ಆಗದು. ಅದಕ್ಕೇ ಕೇಳುತ್ತಿದ್ದೇನೆ, ಹೋಗುವಾಗ ತಾವೆಲ್ಲ ಒಂದೊಂದು ಹಾಳೆ ತೆಗೆದುಕೊಂಡು ಹೋಗಿ. ಗೋಡೆಗೆ ಹಚ್ಚಿ, ಜಗಲಿಯ ಮೇಲೆ ಇಡಿ, ತಮ್ಮಿಷ್ಟ. ಯಾವ ದಂಡಿನ ಬಾವುಟ ಎಂದು ಯಾರಾದರೂ ಕೇಳಿದರೆ ದಂಡಿನದಲ್ಲ ಎನ್ನಿ, ಹೊಸಪೇಟೆಯ ಪಂಪಮ್ಮನದು ಎನ್ನಿ. ಕೈ ತೊಳೆದವರು ಒರೆಸಿಕೊಂಡು ಮುಟ್ಟಬೇಕು, ಬಣ್ಣ ಬಿಡುತ್ತದೆ.

ಪುಸ್ತಕವಿಲ್ಲದ ಸಭೆಗೆ ಅಧ್ಯಕ್ಷತೆ ವಹಿಸಿದ ದೊಡ್ಡಬಸಪ್ಪನವರಿಗೆ, ಬಾರದ ಪುಸ್ತಕಕ್ಕಾಗಿ ರೈಲು ಹತ್ತಿದ ಜಡೆಪ್ಪನವರಿಗೆ, ಬಿಸಿಲಿನಲ್ಲಿ ನಡೆದು ಬಂದ ನನ್ನ ಗೆಳೆಯನಿಗೆ, ಇಷ್ಟು ಹೊತ್ತು ಕುಳಿತ ತಮಗೆಲ್ಲರಿಗೂ ವಂದನೆಗಳು. ಹಾಳೆಗಳನ್ನು ಬಾಗಿಲ ಬಳಿ ಇಡಿಸುತ್ತೇನೆ. ಎಲ್ಲರೂ ತೆಗೆದುಕೊಂಡ ಮೇಲೆ ಉಳಿದರೆ, ಒಂದು ನನಗಿರಲಿ.

ನಮಸ್ಕಾರ.