ಪಡಖಾನೆಯ ಅಡುಗೆಯವಳು

ಇದು ಕಟ್ಟಿದ ಕತೆಯಲ್ಲ. ನಮ್ಮ ಪಕ್ಕದ ಮನೆಯ ಅಲ್ಮೈರಾಗೆ ಆದದ್ದು. ಅಮೆರಿಕದ ರೋಡ್ ಐಲೆಂಡಿನ ಹಳೇ ಬಂಡಿದಾರಿಯ ಪಡಖಾನೆಯಲ್ಲಿ ಅವಳು ಅಡುಗೆಯವಳು. ಆ ರಾತ್ರಿ ಕೆಲಸ ಮುಗಿಸಿ, ಹಿತ್ತಲ ಬಾವಿ ದಾಟಿ ಮನೆಗೆ ಹೊರಟಿದ್ದಳು... ಪಡಖಾನೆಯ ಒಳಗಿಂದ ಹೆಂಗಸಿನ ಅಳು ಕೇಳಿತು.

ಅಲ್ಮೈರಾಗೆ ಹೆದರಿಕೆಯಾಗಲಿಲ್ಲ. ಮೈಯೆಲ್ಲ ಉರಿಯಿತು.

ಆ ಅಳು ಮಾಲೀಕ ಬ್ರೆಂಟ್ ಹಾಕಿಸಿದ್ದು. ಹಳೇ ಪಡಖಾನೆ ಅಂದಮೇಲೆ ದೆವ್ವ ಬೇಕು, ದೆವ್ವ ಇದ್ದರೆ ಗಿರಾಕಿ ಬರುತ್ತಾರೆ ಅಂತ ಅವನೊಂದು ದೆವ್ವವನ್ನೇ ಹುಟ್ಟಿಸಿದ್ದ. ಹೆಸರು ಶಾರ್ಲೆಟ್. ಹಡಗಿನ ಕಪ್ತಾನನಿಗೆ ಕಾದು ಕಾದು ಸತ್ತ ಬಿಳಿ ಮದುಮಗಳಂತೆ! ಗೋಡೆಯಲ್ಲಿ ಸ್ಪೀಕರ್ ಹುದುಗಿಸಿ ಅಳು ಬೇರೆ. ಬಡಿಸುವಾಗ ಆ ಸುಳ್ಳನ್ನು ಅಲ್ಮೈರಾಳೇ ಗಿರಾಕಿಗಳಿಗೆ ಹೇಳಬೇಕು.

ಆ ಪಡಖಾನೆಯಲ್ಲಿ ನಿಜವಾಗಿ ಸತ್ತವಳು ಫೀಬಿ. ಅಲ್ಮೈರಾಳ ವಂಶದ, ಎಷ್ಟೋ ತಲೆಮಾರು ಹಿಂದಿನ ಹಿರಿಯಳು. ದುಡ್ಡು ಕೊಟ್ಟು ತಂದ ಗುಲಾಮಳು. ಬದುಕೆಲ್ಲ ಅಲ್ಲಿನ ಅಡುಗೆಮನೆಯ ಆಳೆತ್ತರದ ಒಲೆಯ ಮುಂದೆ ಬೆಂದು, ಅಲ್ಲೇ ಕುಸಿದು ಸತ್ತವಳು. ಅವಳು ಮಾಡುತ್ತಿದ್ದ ಮೆಕ್ಕೆಜೋಳದ ರೊಟ್ಟಿಯನ್ನೇ ಬ್ರೆಂಟ್ 'ಶಾರ್ಲೆಟ್ ರೊಟ್ಟಿ' ಅಂತ ಮಾರುತ್ತಿದ್ದ. ಎಂಥ ನಾಚಿಕೆಗೇಡು!

"ಫೀಬಿ ಹೆಸ್ರು ಒಂದ್ಸಲ ಹೇಳಿ ಸಾರ್, ಅಷ್ಟೇ ಸಾಕು," ಅಂತ ಅವಳು ವರ್ಷಗಟ್ಟಲೆ ಕೇಳಿದ್ದಳು.

"ತಿನ್ನೋ ಹೊತ್ನಲ್ಲಿ ಗುಲಾಮರ ಗೋಳು ಯಾರಿಗ್ ಬೇಕಮ್ಮಾ?" ಅಂತ ಅವನು ನಗುತ್ತಿದ್ದ.

ಆ ರಾತ್ರಿ ಅವಳಿಗೆ ಸಾಕಾಗಿ ಹೋಗಿತ್ತು. ಸ್ಪೀಕರಿನ ತಂತಿ ಕಿತ್ತೇ ಮನೆಗೆ ಹೋಗುತ್ತೇನೆ ಅಂತ ವಾಪಸು ನುಗ್ಗಿದಳು.

ಬ್ರೆಂಟ್ ಒಲೆಯ ಮುಂದೆ ನಿಂತಿದ್ದ. ತಂತಿ ಅವನ ಕೈಯಲ್ಲೇ ಇತ್ತು. ಕಿತ್ತ ತಂತಿ... ಅಳು ಮಾತ್ರ ನಿಂತಿರಲಿಲ್ಲ. ಮದುಮಗಳ ಅಳುವೂ ಅಲ್ಲ ಅದು. ಹೊಗೆ ಕುಡಿದು ಕುಡಿದು ಒಡೆದ ಗಂಟಲು.

"ಇದು... ನೀನಾ ಮಾಡ್ತಿರೋದು?" ಅವನು ಪಿಸುಗುಟ್ಟಿದ.

"ನಾನ್ಯಾಕ್ ಮಾಡ್ಲಿ?"

ಅಳು ನಿಂತಿತು. ಒಲೆಯೊಳಗೆ ಪಾತ್ರೆ ತೂಗುಹಾಕುವ ಕಬ್ಬಿಣದ ತೋಳು ತಾನಾಗಿ ತಿರುಗಿತು. ಕಿರ್‍ರ್... ಕಿರ್‍ರ್... ಆಮೇಲೆ, ಚುಸ್ಸ್. ಹಿಂದಿನ ಕಾಲದಲ್ಲಿ ಬಿಯರು ಬಿಸಿ ಮಾಡಲು ಕೆಂಪಗೆ ಕಾಯಿಸಿದ ಸಲಾಕೆಯನ್ನು ಅದರಲ್ಲಿ ಅದ್ದುತ್ತಿದ್ದರಲ್ಲ, ಆ ಸದ್ದು. ಒಲೆಯಲ್ಲಿ ಬೆಂಕಿಯೇ ಇರಲಿಲ್ಲ.

"ನನ್ನ ಹೆಸ್ರು... ಹೇಳು," ಅಂದಿತು ಕತ್ತಲು.

"ಶಾ... ಶಾರ್ಲೆಟ್," ಅಂದ ಬ್ರೆಂಟ್.

ಚುಸ್ಸ್... ಈ ಸಲ ಅವನ ಕಿವಿಯ ಹತ್ತಿರ.

"ಹೇಳು."

"ಅಲ್ಮೈರಾ! ಅವಳ ಹೆಸ್ರೇನೇ? ದಮ್ಮಯ್ಯ, ಹೇಳೇ!"

ಹೆಸರು ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಅಂದುಬಿಟ್ಟಿದ್ದರೆ ಅವನು ಪಾರಾಗುತ್ತಿದ್ದ. ಆದರೆ ಅವನ ಮುಖ ನೋಡಿದಳು. ಅಷ್ಟು ವರ್ಷ ಅವಳು ಅಂಗಲಾಚಿದ್ದರಲ್ಲಿ ಒಂದಕ್ಷರವೂ ಆ ತಲೆಯೊಳಗೆ ಇಳಿದಿರಲಿಲ್ಲ.

"ಹೇಳಿದ್ನಲ್ಲ ಸಾರ್, ವರ್ಷಗಟ್ಲೆ. ನೀವೇ ನೆನಪ್ ಮಾಡ್ಕೊಳ್ಳಿ," ಅಂದು ಬಾಗಿಲು ಎಳೆದುಕೊಂಡು ಹೊರಟೇಬಿಟ್ಟಳು. ಬಾವಿ ದಾಟುವವರೆಗೂ ಬೆನ್ನ ಹಿಂದೆ ಅದೇ ಸದ್ದು ಕೇಳುತ್ತಿತ್ತಂತೆ.

ತಪ್ಪು ಮಾಡಿದಳು ಅನ್ನುವವರು ಅನ್ನಲಿ. ನಾನಂತೂ ಅನ್ನುವುದಿಲ್ಲ.

ಬ್ರೆಂಟ್ ಸಾಯಲಿಲ್ಲ. ಮೈಮೇಲೆ ಒಂದು ಗಾಯವೂ ಇಲ್ಲ. ಪಡಖಾನೆ ಮುಚ್ಚಿ ಮಗಳ ಮನೆ ಸೇರಿದ್ದಾನೆ. ಆಮೇಲೆ ಅಲ್ಮೈರಾಳೇ ಹೋಗಿ, ಅವನೆದುರು ಕೂತು, "ಫೀಬಿ... ಅನ್ನಿ, ಫೀಬಿ," ಅಂತ ಹೇಳಿಕೊಟ್ಟಳು. ತಲೆಯಾಡಿಸಿ ಬಾಯಿ ತೆರೆದ. ಬಂದದ್ದು ಶಾರ್ಲೆಟ್.

ನಂಬದಿದ್ದರೆ ಬಿಡಿ. ಹೋದ ಭಾನುವಾರ ಅಂಗಡಿಯಲ್ಲಿ ನಾನೇ ಕಿವಿಯಾರೆ ಕೇಳಿದ್ದೇನೆ. "ಅಪ್ಪಾ, ನಾನು ಡೋರಿ... ನಿನ್ ಮಗಳು ಡೋರಿ," ಅಂತ ಆ ಹೆಣ್ಣುಮಗಳು ಎಲ್ಲರೆದುರು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಅವನು ಅವಳ ಕೆನ್ನೆ ಒರೆಸಿ, ಮೆಲ್ಲಗೆ ಅಂದ:

"ಅಳ್ಬೇಡ ಶಾರ್ಲೆಟ್."